ನಕ್ಷೆಕಾರರ ಸಮ್ಮೇಳನ, ತುರ್ವಿಹಾಳದ ಹೊಲ

ಜುಲೈ ಬಂತೆಂದರೆ ಮಲೆನಾಡಿನಲ್ಲಿ ಪುನರ್ವಸು, ಪುಷ್ಯ ಮಳೆಗಳ ಕಾಲ. ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿ ಮುಂದೆ ಸಾಗಿ, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತಾಳೆ. ಗಂಗಾಮೂಲದ ತುಂಗೆ ಮತ್ತು ಭದ್ರೆಯರು ಅದಕ್ಕೂ ಮೊದಲೇ ಕೂಡಲಿಯಲ್ಲಿ ಒಂದಾಗಿರುತ್ತಾರೆ. ಈ ನೀರೆಲ್ಲ ಹೊಸಪೇಟೆಯ ಬಳಿಯ ಜಲಾಶಯದಲ್ಲಿ ನಿಂತು, ಅಲ್ಲಿಂದ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರುಗಳ ಕಡೆಗೆ ಹರಿಯುತ್ತದೆ. ತುರ್ವಿಹಾಳ ಇರುವುದು ಈ ಸಿಂಧನೂರು ತಾಲ್ಲೂಕಿನಲ್ಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಈ ಸೀಮೆಯಲ್ಲಿ ಒಂದು ಕಡೆ ಕಾಲುವೆಯ ನೀರುಂಡ ಭತ್ತದ ಗದ್ದೆ, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಎರೆಹೊಲ. ಮಲೆನಾಡಿನ ಮಳೆ ಎಷ್ಟಾಯಿತು, ಜಲಾಶಯಕ್ಕೆ ನೀರೆಷ್ಟು ಬಂತು, ಕಾಲುವೆಗೆ ಯಾವಾಗ ಬಿಡುತ್ತಾರೆ ಎಂದು ಈ ಸೀಮೆಯ ರೈತರು ದಿನವೂ ವಿಚಾರಿಸುವ ತಿಂಗಳು ಅದು.

ಸಾಮಾನ್ಯವಾಗಿ ಅದೇ ಜುಲೈನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ನಕ್ಷೆಕಾರರ ದೊಡ್ಡದೊಂದು ಸಮ್ಮೇಳನ ನೆರೆಯುತ್ತದೆ. ಎಸ್ರಿ ಎಂಬ ತಂತ್ರಾಂಶ ಸಂಸ್ಥೆ ಏರ್ಪಡಿಸುವ ಈ ಕೂಟ 1981ರಲ್ಲಿ ಆರಂಭವಾದಾಗ ಬೆರಳೆಣಿಕೆಯ ಜನರಷ್ಟೇ ಇದ್ದರು. ಈಗ ಹದಿನೈದು ಸಾವಿರಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಗೋಡೆಗೋಡೆಗೂ ನಕ್ಷೆಗಳು ತೂಗುತ್ತವೆ. ನಗರಪಾಲಿಕೆ, ಅರಣ್ಯ ಇಲಾಖೆ, ವಿದ್ಯುತ್ ಸಂಸ್ಥೆ, ವಿಶ್ವವಿದ್ಯಾಲಯಗಳು ತಮ್ಮ ವರ್ಷದ ಕೆಲಸವನ್ನು ತೋರಿಸುತ್ತವೆ. ವಿಶೇಷ ಸಾಧನೆಗೆಂದು ಪ್ರಶಸ್ತಿಗಳನ್ನು ಹಂಚಲಾಗುತ್ತದೆ. ಭಾರತದಲ್ಲಿಯೂ ಇಂತಹ ಪರಂಪರೆಯಿದೆ. ಡೆಹ್ರಾಡೂನಿನಲ್ಲಿ ನೆಲೆ ಹೊಂದಿರುವ ಭಾರತೀಯ ದೂರಸಂವೇದಿ ಸಂಘವು ತನ್ನ ವಾರ್ಷಿಕ ಸಮಾವೇಶದಲ್ಲಿ ಭಾಸ್ಕರ, ಸತೀಶ್ ಧವನ್ ಮೊದಲಾದವರ ಹೆಸರಿನಲ್ಲಿ ಪ್ರಶಸ್ತಿಗಳನ್ನು ನೀಡುತ್ತ ಬಂದಿದೆ. ರಾಯಚೂರು ಸೀಮೆಗೆ ಹತ್ತಿರದ ಮಹಾನಗರವಾದ ಹೈದರಾಬಾದಿನಲ್ಲಿ 2022ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಜಾಗತಿಕ ಭೂಮಾಹಿತಿ ಸಮ್ಮೇಳನವೇ ನಡೆಯಿತು. ಯಾರೂ ಹಿಂದುಳಿಯಬಾರದು ಎಂಬುದು ಅದರ ಘೋಷವಾಕ್ಯದ ತಿರುಳಾಗಿತ್ತು.

ಈ ವಿದ್ಯೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್ ಎಂದು ಹೆಸರು. ಕೆನಡಾ ದೇಶದ ವಿಶಾಲ ಭೂಮಿಯಲ್ಲಿ ಯಾವುದು ಕೃಷಿಗೆ ಯೋಗ್ಯ, ಯಾವುದು ಅರಣ್ಯಕ್ಕೆ ಯೋಗ್ಯ ಎಂಬುದನ್ನು ಕಂಪ್ಯೂಟರಿನ ನೆರವಿನಿಂದ ಗುರುತಿಸಲು ರೋಜರ್ ಟಾಮ್ಲಿನ್‌ಸನ್ 1960ರ ದಶಕದಲ್ಲಿ ಕೈಗೊಂಡ ಕೆಲಸವೇ ಇದರ ಮೊದಲು ಎನ್ನಲಾಗುತ್ತದೆ. ಅದರ ತತ್ತ್ವ ಸರಳವಾದುದು. ಒಂದೇ ಊರಿನ ಮಣ್ಣು, ನೀರು, ರಸ್ತೆ, ಮನೆ, ಕಾಡು, ಸರ್ವೆ ನಂಬರುಗಳನ್ನು ಬೇರೆ ಬೇರೆ ಗಾಜಿನ ಹಾಳೆಗಳ ಮೇಲೆ ಬರೆದು ಒಂದರ ಮೇಲೊಂದು ಇರಿಸಿದರೆ, ಬಿಡಿಯಾಗಿ ಕಾಣದ ಸಂಬಂಧಗಳು ಒಟ್ಟಾಗಿ ಕಾಣತೊಡಗುತ್ತವೆ. ಕಂಪ್ಯೂಟರು ಆ ಗಾಜಿನ ಹಾಳೆಗಳ ಕೆಲಸವನ್ನು ಮಾಡುತ್ತದೆ. ಕರ್ನಾಟಕ ಇದರಲ್ಲಿ ಹಿಂದೆ ಬಿದ್ದಿಲ್ಲ. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1986ರಲ್ಲಿ. ದೇಶದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಗಗನಕ್ಕೇರಿದ್ದು 1988ರ ಮಾರ್ಚ್‌ನಲ್ಲಿ. ಇಂದು ಹೊಲದಲ್ಲಿ ನಿಂತ ರೈತ ದಿಶಾಂಕ್ ಎಂಬ ಸೌಲಭ್ಯದಿಂದ ತನ್ನ ಕಾಲ ಕೆಳಗಿನ ಸರ್ವೆ ನಂಬರನ್ನು ಮೊಬೈಲಿನಲ್ಲೇ ನೋಡಬಲ್ಲ. ಇಂತಹ ಕೆಲಸ ಮಾಡಿದವರನ್ನು ವರ್ಷಕ್ಕೊಮ್ಮೆ ಕರೆದು ಗೌರವಿಸುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ ಇರುವುದು ಬೇರೆಡೆ. ನಕ್ಷೆಗೆ ಪ್ರಶಸ್ತಿ ಕೊಡುವಾಗ ಅದರ ಬಣ್ಣ, ಅದರ ತಂತ್ರಜ್ಞಾನ, ಅದು ಇಲಾಖೆಗೆ ಉಳಿಸಿದ ಸಮಯ, ಇವನ್ನೆಲ್ಲ ಅಳೆಯುವುದು ಸುಲಭ. ಆ ನಕ್ಷೆ ಯಾರ ನೆಲವನ್ನು ಕುರಿತದ್ದೋ ಅವರು ಅದನ್ನು ನೋಡಿದರೇ, ಓದಿದರೇ, ತಪ್ಪಿದ್ದರೆ ತಿದ್ದಿಸಿದರೇ ಎಂಬುದನ್ನು ಅಳೆಯುವುದು ಕಷ್ಟ. ಸಮ್ಮೇಳನದ ಸಭಾಂಗಣದಲ್ಲಿ ನಕ್ಷೆಯನ್ನು ಮಾಡಿದವರೂ ಕೊಂಡವರೂ ಇರುತ್ತಾರೆ. ನಕ್ಷೆಯೊಳಗೆ ಇರುವವರು ಮಾತ್ರ ಇರುವುದಿಲ್ಲ. ಈ ಕೊರತೆಯ ಬೆಲೆ ಎಷ್ಟೆಂಬುದನ್ನು ಪಶ್ಚಿಮ ಘಟ್ಟದ ಜನ ಹದಿನೈದು ವರ್ಷಗಳಿಂದ ತೆರುತ್ತಿದ್ದಾರೆ.

ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿತು. ಇಡೀ ಘಟ್ಟಸಾಲನ್ನು ಸುಮಾರು 9 ಕಿ.ಮೀ. ಉದ್ದ, 9 ಕಿ.ಮೀ. ಅಗಲದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಜೀವವೈವಿಧ್ಯ, ಇಳಿಜಾರು, ಎತ್ತರಗಳಿಗೆ ಅಂಕ ಕೊಟ್ಟು, ಮೂರು ಬಗೆಯ ಸೂಕ್ಷ್ಮ ವಲಯಗಳನ್ನು ಅದು ಗುರುತಿಸಿತ್ತು. ಅಂತಿಮ ಗಡಿಯನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿಯೇ ನಿರ್ಧರಿಸಬೇಕೆಂದೂ ಹೇಳಿತ್ತು. ಆದರೆ ಆ ವರದಿ ಜನರ ಕೈಗೆ ಬಂದದ್ದು ಮಾಹಿತಿ ಹಕ್ಕಿನ ಹೋರಾಟ ದೆಹಲಿ ಹೈಕೋರ್ಟಿನವರೆಗೆ ಹೋದ ಮೇಲೆ, 2012ರ ಮೇ ತಿಂಗಳಿನಲ್ಲಿ. ಜನರೊಡನೆ ಚರ್ಚಿಸಬೇಕೆಂದ ನಕ್ಷೆಯನ್ನು ಜನರಿಂದಲೇ ಮುಚ್ಚಿಟ್ಟದ್ದು ಮೊದಲ ಪೆಟ್ಟಾಯಿತು.

ಅನಂತರ ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಅವರ ನೇತೃತ್ವದ ಕಾರ್ಯತಂಡ 2013ರ ಏಪ್ರಿಲ್‌ನಲ್ಲಿ ಎರಡನೆಯ ನಕ್ಷೆಯನ್ನು ತಂದಿತು. ಅದು ಉಪಗ್ರಹದ 24 ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ಬಳಸಿತ್ತು. ಘಟ್ಟದ ಶೇ 37ರಷ್ಟು, ಸುಮಾರು 60,000 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದಿತು. ಗ್ರಾಮದ ವಿಸ್ತೀರ್ಣದಲ್ಲಿ ಶೇ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮವನ್ನೇ ಸೂಕ್ಷ್ಮವೆಂದು ಎಣಿಸಿತು. ಕರ್ನಾಟಕದ 1,500ಕ್ಕೂ ಹೆಚ್ಚು ಗ್ರಾಮಗಳ ಹೆಸರು ಪಟ್ಟಿಯಲ್ಲಿ ಬಂದುವು. ಕೊಡಗು, ಚಿಕ್ಕಮಗಳೂರುಗಳಲ್ಲಿ ಮರಗಳ ನೆರಳಿನ ಕಾಫಿ ತೋಟವನ್ನೂ ಕಾಡೆಂದು ಗುರುತಿಸಲಾಗಿದೆ ಎಂಬ ಆಕ್ಷೇಪ ಎದ್ದಿತು. ಈ ಆಕ್ಷೇಪದ ಹಿಂದೆ ತಾಂತ್ರಿಕ ಸತ್ಯವೊಂದಿದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯೂ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ಕ್ಕಿಂತ ಹೆಚ್ಚು ಮರಗಳ ನೆರಳಿರುವ ಭೂಮಿಯನ್ನೆಲ್ಲ, ಒಡೆತನ ಯಾರದೇ ಇರಲಿ, ಅರಣ್ಯ ಹೊದಿಕೆಯ ಲೆಕ್ಕಕ್ಕೆ ಸೇರಿಸುತ್ತದೆ. ಉಪಗ್ರಹಕ್ಕೆ ಹಸಿರು ಕಾಣುತ್ತದೆ. ಆ ಹಸಿರನ್ನು ಯಾರು ಬೆಳೆಸಿದರು, ಅದರಲ್ಲಿ ಯಾರ ಅನ್ನವಿದೆ ಎಂಬುದು ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಆ ನೆಲದ ಮೇಲಿರುವವರು ಮಾತ್ರ.

ಅವರನ್ನು ಕೇಳುವ ಕೆಲಸ ಕೊನೆಗೆ ಉಳಿಯಿತು. ನಕ್ಷೆ ಬರುವ ಮೊದಲೇ ವದಂತಿ ಬಂದಿತ್ತು: ಮನೆ ಕಟ್ಟುವಂತಿಲ್ಲ, ಸೊಪ್ಪು ಕಡಿಯುವಂತಿಲ್ಲ, ಊರು ಬಿಡಬೇಕು. ವದಂತಿಯನ್ನು ಹಬ್ಬಿಸಿದವರಲ್ಲಿ ಗಣಿ, ಕ್ವಾರಿ, ರೆಸಾರ್ಟುಗಳಿಂದ ಲಾಭ ಪಡೆಯುವವರು ಇರಲಿಲ್ಲವೆನ್ನಲಾಗದು. ಆದರೆ ನಕ್ಷೆಯನ್ನು ಕನ್ನಡದಲ್ಲಿ, ಸರ್ವೆ ನಂಬರಿನ ಮಟ್ಟದಲ್ಲಿ, ಗ್ರಾಮಸಭೆಯ ಮುಂದೆ ಬಿಚ್ಚಿ ತೋರಿಸಿದ್ದರೆ ವದಂತಿಗೆ ಅಷ್ಟು ಬಲ ಬರುತ್ತಿರಲಿಲ್ಲ. 2014ರಿಂದ 2024ರವರೆಗೆ ಕೇಂದ್ರ ಸರ್ಕಾರ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಆರನೆಯದು 2024ರ ಜುಲೈ 31ರದು. ವಯನಾಡಿನ ಚೂರಲ್ಮಲೆ, ಮುಂಡಕ್ಕೈಗಳು ಗುಡ್ಡದ ಮಣ್ಣಿನಡಿ ಹೂತುಹೋದ ಮರುದಿನ. ಅದಕ್ಕೆ ಎರಡು ವಾರ ಮೊದಲು, ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಿತ್ತು. 2018ರ ಆಗಸ್ಟ್‌ನ ಕೊಡಗನ್ನಂತೂ ಯಾರೂ ಮರೆತಿಲ್ಲ. ದೇಶದ 147 ಜಿಲ್ಲೆಗಳ ಭೂಕುಸಿತಗಳನ್ನು ಗುರುತಿಸಿದ ಇಸ್ರೋದ ಅಟ್ಲಾಸ್ 2023ರಲ್ಲೇ ಹೊರಬಂದಿತ್ತು. ವಿಜ್ಞಾನಕ್ಕೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ತಿಳಿದದ್ದು ಗುಡ್ಡದ ಬುಡದ ಎಷ್ಟು ಪಂಚಾಯಿತಿ ಕಚೇರಿಗಳ ಗೋಡೆಗೆ ಬಂತು ಎಂಬುದೇ ಪ್ರಶ್ನೆ.

ಇದು ಮಲೆನಾಡಿನ ಪಾಡು ಮಾತ್ರವೆಂದು ತಿಳಿಯುವುದು ಸರಿಯಲ್ಲ. ಅದೇ ನೀರಿನ ಇನ್ನೊಂದು ತುದಿಯಲ್ಲಿರುವ ತುರ್ವಿಹಾಳದ ಸೀಮೆಗೂ ನಕ್ಷೆಯೊಂದಿಗೆ ಇಂಥದ್ದೇ ಸಂಬಂಧವಿದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಎಡದಂಡೆ ಅಚ್ಚುಕಟ್ಟನ್ನು ಯೋಜಿಸಿದವರು ಬಹುಪಾಲು ಭೂಮಿಗೆ ಜೋಳ, ಹತ್ತಿಯಂತಹ ಅಲ್ಪ ನೀರಿನ ಬೆಳೆಗಳನ್ನು ಗೊತ್ತುಮಾಡಿದ್ದರು. ನಕ್ಷೆಯಲ್ಲಿ ಜೋಳವಿತ್ತು, ನೆಲದಲ್ಲಿ ಭತ್ತ ಬಂತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಅನಧಿಕೃತ ನೀರಾವರಿ ಬೆಳೆಯಿತು, ಕೆಳಭಾಗದ ರೈತ ಗೇಜ್ ಕಡೆಗೆ ನೋಡುತ್ತ ಕುಳಿತ. ನೀರು ಹೆಚ್ಚಾದ ಕಡೆ ಭೂಮಿ ಚೌಳಾಯಿತು, ನೀರು ಮುಟ್ಟದ ಕಡೆ ಬಾಯಿ ಬಿಟ್ಟಿತು. ಜಲಾಶಯವೂ ಹೂಳು ತುಂಬಿ ಕುಗ್ಗಿತು. ಆರಂಭದಲ್ಲಿ 133 ಟಿಎಂಸಿ ಅಡಿ ಇದ್ದ ಅದರ ಸಾಮರ್ಥ್ಯ ಈಗ ಸುಮಾರು 105 ಟಿಎಂಸಿ ಅಡಿ. ಮೇಲಿನ ಕಣಿವೆಗಳಲ್ಲಿ ಕಾಡು ಬೋಳಾದಾಗ, ಗಣಿಗಳ ಮಣ್ಣು ಹಳ್ಳಕ್ಕೆ ಇಳಿದಾಗ ಅದರ ಲೆಕ್ಕ ಸಿಂಧನೂರಿನ ಗದ್ದೆಯಲ್ಲಿ ಬಿದ್ದಿತು.

ಈ ಸಂಗತಿಗಳಲ್ಲಿ ಬಹುಪಾಲನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸಬಹುದು. ಯಾವ ವಿತರಣಾ ಕಾಲುವೆಯ ಕೆಳಗೆ ಎಷ್ಟು ಎಕರೆ ಭತ್ತವಿದೆ, ಎಲ್ಲಿ ಚೌಳು ಹಬ್ಬುತ್ತಿದೆ, ಅಚ್ಚುಕಟ್ಟಿನ ಹೊರಗೆ ಎಲ್ಲಿ ಬೇಸಿಗೆಯಲ್ಲೂ ಹಸಿರಿದೆ ಎಂಬುದನ್ನು ಅದು ಹೇಳಬಲ್ಲದು. ಭದ್ರಾ ಅಚ್ಚುಕಟ್ಟಿನ ಬೆಳೆಗಳನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ 1990ರ ದಶಕದಲ್ಲೇ ಹೀಗೆ ಅಳೆದಿತ್ತು. ಹಾಗಿರುವಾಗ ಕೆಳಭಾಗದ ರೈತ ತನಗೆ ನೀರು ಏಕೆ ಬರಲಿಲ್ಲವೆಂಬುದನ್ನು ತಿಳಿಯಲು ಪ್ರತಿ ವರ್ಷ ರಸ್ತೆ ತಡೆಗೆ ಇಳಿಯಬೇಕೆ? ನೆರೆಯ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನ ಸುತ್ತಲಿನ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರಲ್ಲಿ ಧರಣಿ ಕುಳಿತರು. ಯಾವ ಊರಿಗೆ ನೀರು, ಯಾವ ಊರಿಗೆ ಇಲ್ಲ ಎಂಬ ಜಗಳ ಕೊನೆಗೆ ನಕ್ಷೆಯ ಮೇಲಿನ ಒಂದು ಗೆರೆಯ ಜಗಳವೇ. ಆ ಗೆರೆ ಎಲ್ಲಿ, ಏಕೆ ಹಾದುಹೋಗುತ್ತದೆ ಎಂಬುದನ್ನು ಎಲ್ಲರೂ ಒಂದೇ ಹಾಳೆಯ ಮೇಲೆ ನೋಡುವಂತಿದ್ದರೆ ವಾದವಾದರೂ ಒಂದೇ ಸಂಗತಿಯ ಮೇಲೆ ನಡೆಯುತ್ತಿತ್ತು.

ಮಲೆನಾಡನ್ನೂ ತುರ್ವಿಹಾಳದ ಸೀಮೆಯನ್ನೂ ನೇರವಾಗಿ ಕಟ್ಟಿಹಾಕುವ ಗೆರೆಯೊಂದು ಈಗಾಗಲೇ ಇದೆ. ಅದೇ ಬೇಡ್ತಿ–ವರದಾ ನದಿ ಜೋಡಣೆ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಮೂಲ ಪ್ರಸ್ತಾವದ ಪ್ರಕಾರ ಬೇಡ್ತಿ ಕಣಿವೆಯ 242 ದಶಲಕ್ಷ ಘನ ಮೀಟರ್, ಅಂದರೆ ಸುಮಾರು 8.5 ಟಿಎಂಸಿ ಅಡಿ ನೀರನ್ನು ವರದೆಗೆ ತಿರುಗಿಸಿ, ತುಂಗಭದ್ರಾ ಎಡದಂಡೆಯ ರಾಯಚೂರು ಜಿಲ್ಲೆಯ ಅಚ್ಚುಕಟ್ಟಿಗೆ ಒದಗಿಸಬೇಕು. ಶಿರಸಿ, ಯಲ್ಲಾಪುರದ ಜನ ಇದನ್ನು ವಿರೋಧಿಸುತ್ತ ಬಂದಿದ್ದಾರೆ. ಕಾಡು ಮುಳುಗುತ್ತದೆ, ಹೊಳೆ ಬತ್ತುತ್ತದೆ, ಗುಡ್ಡ ಸಡಿಲಗೊಳ್ಳುತ್ತದೆ ಎಂಬುದು ಅವರ ಭಯ. ಬಯಲು ಸೀಮೆಯ ರೈತನಿಗೋ ನೀರು ಬರುತ್ತದೆ ಎಂಬ ಆಸೆ. ಇಬ್ಬರ ಭಯವೂ ಆಸೆಯೂ ಪ್ರಾಮಾಣಿಕವಾದವು. ಆದರೆ ಬೇಡ್ತಿಯಲ್ಲಿ ಬೇಸಿಗೆಗೆ ಎಷ್ಟು ನೀರು ಉಳಿದೀತು, ಎಷ್ಟು ಕಾಡು ಹೋದೀತು, ಹೂಳು ತುಂಬಿದ ಜಲಾಶಯದಿಂದ ಕಾಲುವೆಯ ಕೊನೆಯ ಹೊಲಕ್ಕೆ ನಿಜವಾಗಿ ಎಷ್ಟು ಮುಟ್ಟೀತು, ಕಾಲುವೆಯಲ್ಲಿ ಈಗಲೇ ಸೋರುತ್ತಿರುವ ನೀರನ್ನು ತಡೆದರೆ ಎಷ್ಟು ಸಿಕ್ಕೀತು, ಇವೆಲ್ಲವನ್ನೂ ಒಂದರ ಮೇಲೊಂದು ಇಟ್ಟ ಹಾಳೆಯ ಮುಂದೆ ಶಿರಸಿಯವನೂ ತುರ್ವಿಹಾಳದವನೂ ಜೊತೆಯಾಗಿ ಕುಳಿತಿಲ್ಲ. ಕೂರಿಸಿದರೆ ಜಿಐಎಸ್ ವಿದ್ಯೆಗೆ ಅದಕ್ಕಿಂತ ದೊಡ್ಡ ಸಾರ್ಥಕತೆ ಬೇರೆ ಬೇಕಿಲ್ಲ.

ಇದು ಆಗದ ಮಾತೇನೂ ಅಲ್ಲ. ಇದೇ ಬೇಡ್ತಿಯ ಮೇಲೆ ಜಲವಿದ್ಯುತ್ ಯೋಜನೆ ಬಂದಾಗ, 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಯಿತು. ತೋಟಗಾರರು ಮತ್ತು ವಿಜ್ಞಾನಿಗಳು ಒಂದೇ ಸಭೆಯಲ್ಲಿ ಕುಳಿತು ಯೋಜನೆಯ ಲಾಭನಷ್ಟಗಳ ಲೆಕ್ಕವನ್ನು ಮರುಪರಿಶೀಲಿಸಿದರು. ಯೋಜನೆ ಹಿಂದೆ ಸರಿಯಿತು. ಅಂದು ಉಪಗ್ರಹ ಚಿತ್ರವಾಗಲಿ, ಕಂಪ್ಯೂಟರಾಗಲಿ ಇಂದಿನಂತೆ ಸುಲಭವಾಗಿ ಸಿಗುತ್ತಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇನ್ನೂ ಮುಂದೆ ಹೋದರು. ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಜಿಪಿಎಸ್ ಹಿಡಿದು ಕಾಡು ಸುತ್ತಿ, ತಮ್ಮ ಕುಲಗಳ ಎಲ್ಲೆಗಳನ್ನೂ ದೇವರು, ವೀರು, ಅಬ್ಬಿ, ಕಲ್ಲುಗುಡಿಗಳ ನೂರಾರು ನೆಲೆಗಳನ್ನೂ ನಕ್ಷೆಗೆ ಏರಿಸಿದರು. ಇಲಾಖೆಯ ನಕ್ಷೆಯಲ್ಲಿ ಬರಿಯ ಕಾಡಾಗಿದ್ದ ಜಾಗ ಅವರ ನಕ್ಷೆಯಲ್ಲಿ ಹೆಸರುಳ್ಳ ಊರಾಯಿತು. 2011ರಲ್ಲಿ ಅವರ ಸಮುದಾಯ ಅರಣ್ಯ ಹಕ್ಕಿಗೆ ಮಾನ್ಯತೆ ದೊರೆಯಿತು. ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮಗಳೂ ಇದೇ ಮಾತನ್ನು ಹೇಳುತ್ತವೆ: ಉಪಗ್ರಹ ಚಿತ್ರ ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಯಾಗಲಾರದು.

ನೆಲದ ಸಾಕ್ಷಿಯ ಬೆಲೆಯನ್ನು ತುರ್ವಿಹಾಳದ ನೆರೆಯ ಮಸ್ಕಿಯೇ ಜಗತ್ತಿಗೆ ತೋರಿಸಿದೆ. ಶಾಸನಗಳ ದೇವಾನಾಂಪ್ರಿಯ ಯಾರೆಂಬುದರ ಬಗ್ಗೆ ವಿದ್ವಾಂಸರ ಊಹೆ ಬಹುಕಾಲದಿಂದ ಇತ್ತು. 1915ರಲ್ಲಿ ಬಂಗಾರದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆ ಅಶೋಕನ ಹೆಸರನ್ನೇ ನುಡಿದು ಊಹೆಯನ್ನು ನಿಜವಾಗಿಸಿತು. ನಕ್ಷೆಕಾರರ ವೃತ್ತಿಯಲ್ಲಿ ಇಂತಹ ಪರಿಶೀಲನೆಗೆ ಗ್ರೌಂಡ್ ಟ್ರೂತ್ ಎನ್ನುತ್ತಾರೆ. ಉಪಗ್ರಹ ಹೇಳಿದ್ದು ಹೌದೋ ಅಲ್ಲವೋ ಎಂದು ನೆಲಕ್ಕೆ ಇಳಿದು ನೋಡುವುದು ಆ ವೃತ್ತಿಯ ಮೂಲಧರ್ಮ. ಆದರೆ ನೋಡಲು ಹೋದವರು ಮರವನ್ನು, ಮಣ್ಣನ್ನು ನೋಡಿ ಬರುತ್ತಾರೆ. ಮನುಷ್ಯನನ್ನು ಕೇಳಿ ಬರುವುದು ವಿರಳ.

ಇದಕ್ಕೆ ಆಕ್ಷೇಪಗಳಿವೆ. ವಿವರವಾದ ನಕ್ಷೆ ಬಹಿರಂಗವಾದರೆ ಭೂಮಿ ಕಬಳಿಸುವವರಿಗೂ ಕಳ್ಳಗಣಿಯವರಿಗೂ ದಾರಿ ತೋರಿಸಿದಂತಾಗುತ್ತದೆ ಎಂಬುದು ಒಂದು. ಅಂಥವರಿಗೆ ನಕ್ಷೆ ದೊರಕಿಸಿಕೊಳ್ಳುವ ಹಣವೂ ಪರಿಚಯವೂ ಮೊದಲಿನಿಂದಲೇ ಇದೆ, ಇಲ್ಲದಿರುವುದು ಹಳ್ಳಿಗನಿಗೆ. 2021ರ ಫೆಬ್ರವರಿಯ ಮಾರ್ಗಸೂಚಿ, 2022ರ ರಾಷ್ಟ್ರೀಯ ಭೂಮಾಹಿತಿ ನೀತಿಗಳ ಮೂಲಕ ಕೇಂದ್ರ ಸರ್ಕಾರ ಕಂಪನಿಗಳಿಗೆ ನಕ್ಷೆಯ ಬಾಗಿಲನ್ನು ತೆರೆದಿದೆ. ಅದೇ ಬಾಗಿಲು ಪಂಚಾಯಿತಿಗೆ ತೆರೆದರೆ ಕೇಡೇನು? ಅಪರೂಪದ ಗಿಡ, ಪವಿತ್ರ ಸ್ಥಳಗಳಂತಹ ಸಂಗತಿಗಳನ್ನು ಮರೆಯಲ್ಲಿ ಇಡಬೇಕಾದರೆ, ಅದನ್ನು ನಿರ್ಧರಿಸುವ ಹಕ್ಕು ಮೊದಲು ಆ ಊರಿನವರದು. ಹಳ್ಳಿಗನಿಗೆ ನಕ್ಷೆ ಅರ್ಥವಾಗದು ಎಂಬುದು ಇನ್ನೊಂದು ಆಕ್ಷೇಪ. ಹೊಲಗಾಲುವೆಯ ಏರುತಗ್ಗುಗಳನ್ನು ಕಣ್ಣಳತೆಯಲ್ಲೇ ಹೇಳುವವನಿಗೆ, ಯಾವ ದರೆ ಯಾವ ಮಳೆಗೆ ಜರಿಯುತ್ತದೆಂದು ಬಲ್ಲವನಿಗೆ ನಕ್ಷೆ ಅರ್ಥವಾಗದಿದ್ದರೆ ತಪ್ಪು ನಕ್ಷೆಯದು.

ಹೀಗಾಗಿ ವಾರ್ಷಿಕ ಸಮ್ಮೇಳನಗಳಲ್ಲಿ ಪ್ರಶಸ್ತಿ ನೀಡುವವರು ಮೂರು ಪ್ರಶ್ನೆಗಳನ್ನು ಸೇರಿಸಿಕೊಳ್ಳುವುದು ಯೋಗ್ಯ. ಈ ನಕ್ಷೆಯನ್ನು ಅದರೊಳಗೆ ಇರುವ ಜನರ ಭಾಷೆಯಲ್ಲಿ ಅವರ ಊರಿನಲ್ಲೇ ತೋರಿಸಲಾಯಿತೆ? ಅವರು ಹೇಳಿದ ತಿದ್ದುಪಡಿಗಳಲ್ಲಿ ಎಷ್ಟನ್ನು ಒಪ್ಪಲಾಯಿತು, ಒಪ್ಪದಿದ್ದರೆ ಕಾರಣ ಹೇಳಲಾಯಿತೆ? ನಕ್ಷೆಯ ಒಂದು ಪ್ರತಿ ಅವರ ಬಳಿ ಉಳಿಯಿತೆ? ಈ ಮೂರಕ್ಕೂ ಹೌದೆಂಬ ಉತ್ತರ ಬಾರದ ಕೆಲಸ ಎಷ್ಟೇ ಚೆಂದವಿದ್ದರೂ ಅರ್ಧ ಮುಗಿದ ಕೆಲಸ. ಪ್ರಶಸ್ತಿ ಸ್ವೀಕರಿಸುವ ವೇದಿಕೆಯಲ್ಲಿ ಅಧಿಕಾರಿಯ ಪಕ್ಕದಲ್ಲಿ, ಆ ನಕ್ಷೆಯನ್ನು ತಿದ್ದಿಸಿದ ನೀರುಗಂಟಿಯೋ ಸೋಲಿಗ ಹಿರಿಯನೋ ನಿಂತರೆ ಪ್ರಶಸ್ತಿಯ ಗೌರವ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಮಲೆನಾಡಿನ ಮತ್ತು ಬಯಲು ಸೀಮೆಯ ವಿದ್ಯಾರ್ಥಿಗಳು ಆ ದಿನಕ್ಕಾಗಿ ಕಾಯಬೇಕಾಗಿಲ್ಲ. 1999ರಿಂದ ನವೆಂಬರ್ ತಿಂಗಳಿನಲ್ಲಿ ಜಿಐಎಸ್ ದಿನವನ್ನು ಜಗತ್ತಿನ ಅನೇಕ ಶಾಲೆಗಳಲ್ಲಿ ಆಚರಿಸುತ್ತಾರೆ. ಹಣ ಕೊಡದೆ ಬಳಸಬಹುದಾದ ಕ್ಯೂಜಿಐಎಸ್ ತಂತ್ರಾಂಶವಿದೆ. ಯಾರು ಬೇಕಾದರೂ ತಮ್ಮ ಊರಿನ ಹಾದಿ, ಹಳ್ಳಗಳನ್ನು ಸೇರಿಸಬಹುದಾದ ಓಪನ್ ಸ್ಟ್ರೀಟ್ ಮ್ಯಾಪ್ ಇದೆ. ಇಸ್ರೋದ ಭುವನ್ ಇದೆ. ವರದೆಯ ಮೂಲದ ಶಾಲೆಯೊಂದು ತನ್ನ ಊರಿನ ಹಳ್ಳ, ಜರಿದ ದರೆ, ಬತ್ತಿದ ಅಬ್ಬಿಗಳನ್ನು ಗುರುತಿಸಲಿ. ತುರ್ವಿಹಾಳದ ಶಾಲೆಯೊಂದು ತನ್ನ ಹೊಲಗಾಲುವೆ, ಚೌಳು ಭೂಮಿ, ನೀರು ನಿಂತುಹೋಗುವ ಜಾಗಗಳನ್ನು ಗುರುತಿಸಲಿ. ಎರಡೂ ಹಾಳೆಗಳನ್ನು ಒಂದೇ ನದಿಯ ನಕ್ಷೆಯ ಮೇಲಿಟ್ಟು ಎರಡೂ ಊರಿನ ಗ್ರಾಮಸಭೆ, ವಾರ್ಡ್ ಸಭೆಗಳಲ್ಲಿ ತೂಗುಹಾಕಲಿ. ಬೇಡ್ತಿಯ ನೀರಿನ ಬಗ್ಗೆ ಸರ್ಕಾರ ಮುಂದಿನ ಗೆರೆ ಎಳೆಯುವ ಮೊದಲು ಆ ಹಾಳೆ ಸಿದ್ಧವಿದ್ದರೆ, ಗೆರೆಯ ಎರಡೂ ತುದಿಯ ಜನರಿಗೆ ಪರಸ್ಪರರ ಮುಖ ಗೊತ್ತಿರುತ್ತದೆ.